ತಂತಿಯಲ್ಲಿ ಕಳೆದುಹೋದ ಸೆಕೆಂಡುಗಳು

ಆ ಚದುರಂಗದ ಮಣೆಯಲ್ಲಿ ಬಣ್ಣವಿರಲಿಲ್ಲ, ಚಿತ್ರವೂ ಇರಲಿಲ್ಲ. ಅಡ್ಡಗೆರೆ, ಉದ್ದಗೆರೆಗಳ ಚೌಕಗಳಲ್ಲಿ ಇಂಗ್ಲಿಷ್ ಅಕ್ಷರಗಳು ಕೂತಿರುತ್ತಿದ್ದವು: ಆನೆಗೆ ಆರ್, ರಾಜನಿಗೆ ಕೆ. ಕೆ ಆಗಲೇ ರಾಜನ ಪಾಲಾಗಿದ್ದರಿಂದ ಕುದುರೆಗೆ, ಅಂದರೆ ನೈಟ್‌ಗೆ, ಎನ್ ಗತಿ. ಕಾಯಿ ನಡೆಸಲು ಮನೆಯ ಹೆಸರು ಟೈಪ್ ಮಾಡಿ ಎಂಟರ್ ಒತ್ತಬೇಕು. 1992ರ ಜನವರಿಯಲ್ಲಿ ಅಮೆರಿಕದಲ್ಲಿ ಶುರುವಾದ ಇಂಟರ್ನೆಟ್ ಚೆಸ್ ಸರ್ವರ್ ಕಣ್ಣಿಗೆ ಕಂಡಿದ್ದು ಹೀಗೆ. ಆದರೂ ಜನ ಮುಗಿಬಿದ್ದರು.

ಕಾಡಿದ್ದು ಗಡಿಯಾರ. ಐದು ನಿಮಿಷದ ಆಟದಲ್ಲಿ ನೀವು ಥಟ್ಟನೆ ನಡೆ ಕಳಿಸಿದರೂ ಅದು ಸರ್ವರ್ ಮುಟ್ಟುವಷ್ಟರಲ್ಲಿ ಕೆಲವು ಸೆಕೆಂಡು ದಾರಿಯಲ್ಲೇ ಖರ್ಚು. ಲೆಕ್ಕ ಬೀಳುವುದು ಮಾತ್ರ ನಿಮ್ಮ ತಲೆಗೆ. ಗೆಲ್ಲುವ ಆಟ ಕೈಯಲ್ಲಿದ್ದವನೂ ಸಮಯ ಮುಗಿದು ಸೋಲುತ್ತಿದ್ದ. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಡೇನಿಯಲ್ ಸ್ಲೀಟರ್ ಇದಕ್ಕೊಂದು ಉಪಾಯ ಹುಡುಕಿದರು. ಯೋಚಿಸಲು ಹಿಡಿದ ಸಮಯವನ್ನು ಆಟಗಾರನ ಕಂಪ್ಯೂಟರಿನಲ್ಲೇ ಅಳೆದು, ನಡೆಯ ಜೊತೆ ಕಳಿಸುವುದು. ಪ್ರಯಾಣದ ವೇಳೆ ಲೆಕ್ಕದಿಂದ ಹೊರಗೆ.

ಸರ್ವರ್‌ನ ಹೊಣೆ ಹೊತ್ತಿದ್ದ ಅದೇ ಸ್ಲೀಟರ್ 1995ರಲ್ಲಿ ಅದಕ್ಕೆ ವಾರ್ಷಿಕ ಶುಲ್ಕ ಇಟ್ಟಾಗ ಜಗಳ ಹತ್ತಿತು. ಪುಕ್ಕಟೆ ದುಡಿದು ಅದನ್ನು ಬೆಳೆಸಿದವರಲ್ಲಿ ಹಲವರು ಸಿಟ್ಟಿಗೆದ್ದರು. ಅದೇ ವರ್ಷ ಫ್ರೀ ಇಂಟರ್ನೆಟ್ ಚೆಸ್ ಸರ್ವರ್ ಎಂಬ ಇನ್ನೊಂದು ಅಂಗಳ ಎದ್ದಿತು. ಸಿಟ್ಟಿನಲ್ಲಿ ನ್ಯಾಯವಿತ್ತು, ಆದರೆ ಸರ್ವರ್ ನಡೆಸಲು ದುಡ್ಡು ಬೇಕು ಎಂಬುದೂ ಸುಳ್ಳಲ್ಲ. 2010ರಲ್ಲಿ ಫ್ರಾನ್ಸಿನ ತಿಬೋ ದ್ಯುಪ್ಲೆಸಿ ಕಟ್ಟಿದ ಲಿಚೆಸ್ ಎಂಬ ಚೆಸ್ ತಾಣ ಇವತ್ತಿಗೂ ಜಾಹೀರಾತಿಲ್ಲದೆ, ದೇಣಿಗೆಯಲ್ಲೇ ನಡೆಯುತ್ತಿದೆ. ಆಟ ಮುಗಿದ ಮೇಲೆ ಎಡವಿದ್ದೆಲ್ಲಿ ಎಂದು ಅಲ್ಲಿ ತೋರಿಸುವುದು ಸ್ಟಾಕ್‌ಫಿಶ್ ಎಂಬ ಉಚಿತ ತಂತ್ರಾಂಶ. 1997ರಲ್ಲಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್‌ರನ್ನು ಮಣಿಸಲು ಐಬಿಎಂಗೆ ಡೀಪ್ ಬ್ಲೂ ಎಂಬ ದೈತ್ಯ ಯಂತ್ರ ಬೇಕಾಗಿತ್ತು. ಈಗ ಅದನ್ನು ಮೀರಿಸುವ ಆಟ ಜೇಬಿನ ಫೋನಿನಲ್ಲಿದೆ.

ಗಡಿಯಾರದ ಕಾಟ ಮಾತ್ರ ತಪ್ಪಲಿಲ್ಲ. 2020ರ ಆಗಸ್ಟ್ 30, ಮೊದಲ ಆನ್‌ಲೈನ್ ಚೆಸ್ ಒಲಿಂಪಿಯಾಡ್‌ನ ಫೈನಲ್. ಭಾರತ–ರಷ್ಯಾ ಮೊದಲ ಸುತ್ತು 3–3ರಲ್ಲಿ ಸಮ. ಎರಡನೆಯ ಸುತ್ತು ನಡೆದಿರುವಾಗ ಜಗತ್ತಿನ ಹಲವೆಡೆ ಇಂಟರ್ನೆಟ್ ಕೈಕೊಟ್ಟಿತು. ಭಾರತದ ನಿಹಾಲ್ ಸರಿನ್, ದಿವ್ಯಾ ದೇಶಮುಖ್ ಸಂಪರ್ಕ ಕಳೆದುಕೊಂಡು ಕೂತಿದ್ದಂತೆಯೇ ಅವರ ಸಮಯ ಕರಗಿ ಸೊನ್ನೆಗೆ ಬಂತು. ಕಡಿದ ತಂತಿಗೆ ಸ್ಲೀಟರ್ ಉಪಾಯದಲ್ಲೂ ಮದ್ದಿರಲಿಲ್ಲ. ಮೊದಲು ಚಿನ್ನ ರಷ್ಯಾದ ಪಾಲಾಯಿತು. ಭಾರತ ಮೇಲ್ಮನವಿ ಸಲ್ಲಿಸಿತು. ಕೊನೆಗೆ ಜಾಗತಿಕ ಚೆಸ್ ಸಂಸ್ಥೆ ಫಿಡೆಯ ಅಧ್ಯಕ್ಷ ಅರ್ಕಾಡಿ ದ್ವೊರ್ಕೊವಿಚ್ ಎರಡೂ ತಂಡಗಳನ್ನು ಜಂಟಿ ವಿಜೇತರೆಂದು ಘೋಷಿಸಿದರು.