ಬೆಂಕಿ ಎಂಜಿನ್ ಬರುವ ಮುಂಚಿನ ಅರ್ಧ ಗಂಟೆ

ಆ ಬೆಂಕಿ ಹಾಕಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವುದು ಸುಲಭ.

2022ರ ಫೆಬ್ರವರಿ ಕೊನೆಯ ವಾರ. ಗೇರುಬೀಜ ಬೀಳಲು ಶುರುವಾಗಿತ್ತು. ಹೆಕ್ಕಲು ಸುಲಭವಾಗಲಿ ಅಂತ ಗುಡ್ಡೆಯ ಮರಗಳ ಬುಡ ಬಿಡಿಸಿ, ಮುಳಿಹುಲ್ಲು ತರಗೆಲೆಗಳನ್ನು ನಾಲ್ಕು ರಾಶಿ ಮಾಡಿಸಿದ್ದೆ. ಬೆಳಗ್ಗೆ ಮಂಜು ಆರುವ ಮೊದಲೇ ಕೊಡಬೇಕಾದ ಬೆಂಕಿಯನ್ನು, ಬೇರೆ ಕೆಲಸದ ಗಡಿಬಿಡಿಯಲ್ಲಿ ಹನ್ನೊಂದೂವರೆಗೆ ಕೊಟ್ಟೆ. ಮೂರು ರಾಶಿ ಸರಿಯಾಗಿಯೇ ಉರಿಯಿತು. ನಾಲ್ಕನೆಯದು ಅರ್ಧ ಉರಿಯುವಾಗ ಪಡುಗಾಳಿ ಎದ್ದಿತು. ಒಂದು ಹಿಡಿ ತರಗೆಲೆ ಉರಿಯುತ್ತಲೇ ಹಾರಿ ಅಗಳಿನ ಆಚೆ ಬಿತ್ತು. ಆಚೆ ಇದ್ದದ್ದು ನೆರೆಮನೆಯವರ ಗುಡ್ಡೆ, ಎದೆಯುದ್ದದ ಒಣ ಮುಳಿ.

ಹಸಿ ಸೊಪ್ಪಿನ ಗೆಲ್ಲು ಹಿಡಿದು ಬಡಿಯಲು ಓಡಿದೆ. ಐದು ನಿಮಿಷದಲ್ಲಿ ಅದು ನನ್ನೊಬ್ಬನ ಕೈಯಲ್ಲಿ ಆಗುವ ಕೆಲಸ ಅಲ್ಲ ಅಂತ ಗೊತ್ತಾಯಿತು. ಬೆಂಕಿ ಏರಿನಲ್ಲಿ ಓಡುವ ವೇಗವನ್ನು ಕಣ್ಣಾರೆ ನೋಡಿದವರಿಗೇ ಗೊತ್ತು. ಗುಡ್ಡೆಯ ನೆತ್ತಿ ಮುಟ್ಟಿ, ಅಲ್ಲಿಂದ ಬದಿಗೆ ಹರಡಿ ಅವರ ಹಟ್ಟಿಯ ಹಿಂದಿನ ಬೈಹುಲ್ಲು ಕುತ್ತರಿಗೆ ಹಿಡಿಯಿತು. ಹಸುಗಳನ್ನು ಹಗ್ಗ ಕೊಯ್ದು ಬಿಟ್ಟದ್ದರಿಂದ ಅವು ಉಳಿದವು. ಹುಲ್ಲು ಪೂರ್ತಿ ಹೋಯಿತು. ತೋಟದ ಅಂಚಿನ ಮೂವತ್ತಕ್ಕೂ ಹೆಚ್ಚು ಅಡಿಕೆ ಮರಗಳ ಕಾಂಡ ಬೆಂದಿತು. ಬೆಂದ ಅಡಿಕೆ ಮರ ಆ ದಿನವೇ ಸಾಯುವುದಿಲ್ಲ. ಎರಡು ವರ್ಷ ಹಿಂಗಾರ ಸಣ್ಣದಾಗುತ್ತ ಬಂದು ಮತ್ತೆ ಸಾಯುತ್ತದೆ. ಅಷ್ಟೂ ದಿನ ಅದನ್ನು ಅವರೂ ನೋಡಿದರು, ನಾನೂ ನೋಡಿದೆ.

ಎಂಜಿನ್ ಬಂತು, ಆದರೆ...

ನಮ್ಮ ಮನೆ ಇರುವುದು ಗುಂಡಿಯಲ್ಲಿ. ಮೊಬೈಲಿಗೆ ಸಿಗ್ನಲ್ ಸಿಗಬೇಕಾದರೆ ರಸ್ತೆಗೆ ಹತ್ತಬೇಕು. ಮಗ ಓಡಿ ಹೋಗಿ 101ಕ್ಕೆ ಫೋನ್ ಮಾಡಿದ. ಗಾಬರಿಯಲ್ಲಿ ಊರಿನ ಹೆಸರು ಹೇಳಿದ, ಎಲ್ಲಿ ತಿರುಗಬೇಕು ಅಂತ ಹೇಳಲಿಲ್ಲ. ಒಂದೇ ಹೆಸರಿನ ಎರಡು ಊರು ನಮ್ಮ ತಾಲೂಕಿನಲ್ಲಿವೆ. ಎಂಜಿನ್ ಅಲ್ಲಿಗೊಮ್ಮೆ ಹೋಗಿ ತಿರುಗಿ ಬಂತು.

ಠಾಣೆಯಿಂದ ನಮ್ಮಲ್ಲಿಗೆ 22 ಕಿಲೋಮೀಟರ್. ಎಂಜಿನ್ ಬಂದು ನಿಂತದ್ದು ತೋಡಿನ ಮೋರಿಯ ಆಚೆ. ಡ್ರೈವರ್ ಇಳಿದು ನೋಡಿ, "ಇದರ ಮೇಲೆ ಬರ್ಲಿಕ್ಕೆ ಆಗ್ಲಿಕ್ಕಿಲ್ಲ ಮಾರಾಯ್ರೆ, ಕುಸಿದೀತು" ಅಂದರು. ತಪ್ಪು ಅವರದ್ದಲ್ಲ. ನಾವು ಜೀಪು, ಪಿಕಪ್ ಹೋದರೆ ಸಾಕು ಅಂತ ಕಟ್ಟಿಕೊಂಡ ಮೋರಿ ಅದು. ಸಿಬ್ಬಂದಿ ಹೋಸ್ ಪೈಪನ್ನು ಒಂದಕ್ಕೊಂದು ಜೋಡಿಸಿ ಹೆಗಲ ಮೇಲೆ ಹೊತ್ತು ತಂದರು. ಅಷ್ಟರಲ್ಲಿ ಕುತ್ತರಿ ಬೂದಿ. ಹಟ್ಟಿಯ ಮಾಡು ಮಾತ್ರ ಅವರಿಂದಲೇ ಉಳಿಯಿತು. ಕತ್ತಲಾಗುವವರೆಗೂ ಅವರು ಹೋಗಲಿಲ್ಲ. ಕುತ್ತರಿಯ ಬುಡವನ್ನು ಕೊಕ್ಕೆಯಲ್ಲಿ ಎಳೆದೆಳೆದು ಹರಡಿ ನೀರು ಹಾಕಿದರು. ಮೇಲಿಂದ ಎಷ್ಟೇ ನೀರು ಹೊಯ್ದರೂ ಹುಲ್ಲಿನ ಒಳಗೆ ಕೆಂಡ ಉಳಿಯುತ್ತದೆ, ರಾತ್ರಿ ಗಾಳಿಗೆ ಮತ್ತೆ ಏಳುತ್ತದೆ ಅಂದರು.

ನೆರೆಮನೆಯವರು ನನ್ನ ಮೇಲೆ ಕೂಗಾಡಲಿಲ್ಲ. "ಬೆಂಕಿ ಕೊಡುವ ಮೊದಲು ಒಂದು ಮಾತು ಹೇಳಬಹುದಿತ್ತಲ್ಲ" ಅಂದರು, ಅಷ್ಟೇ. ನನ್ನ ಹುಲ್ಲಿನಲ್ಲಿ ಅರ್ಧ ಅವರ ಹಟ್ಟಿಗೆ ಸಾಗಿಸಿದೆ. ಮರದ ಲೆಕ್ಕ ಹುಲ್ಲಿನಲ್ಲಿ ತೀರುವುದಿಲ್ಲ.

ಠಾಣೆಯಲ್ಲಿ ಕಲಿತದ್ದು

ಒಂದು ವಾರ ಬಿಟ್ಟು ಠಾಣೆಗೆ ಹೋದೆ. ನಿಜ ಹೇಳಬೇಕೆಂದರೆ ಐವತ್ತು ವರ್ಷದಲ್ಲಿ ನಾನು ಅದರ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಬೆಂಕಿ ಬಿದ್ದಾಗ ಮಾತ್ರ ನೆನಪಾಗುವ ಇಲಾಖೆ ಅದು. ಠಾಣಾಧಿಕಾರಿಯವರು ಕೂರಿಸಿ ಮಾತಾಡಿದರು, ಎಂಜಿನ್ ತೋರಿಸಿದರು. ಅವರು ಹೇಳಿದ ನಾಲ್ಕು ಸಂಗತಿ ಎಲ್ಲ ರೈತರಿಗೂ ಗೊತ್ತಿರಬೇಕು.

ಒಂದು, ಭಾರ. ಅವರ ದೊಡ್ಡ ಎಂಜಿನ್ನಿನಲ್ಲಿ 4500 ಲೀಟರ್ ನೀರು. ನೀರೇ ನಾಲ್ಕೂವರೆ ಟನ್. ಲಾರಿ, ಪಂಪು, ಏಣಿ, ಜನ ಸೇರಿದರೆ ಹತ್ತು ಟನ್ ಮೀರುತ್ತದೆ. ತುಂಬಿದ ಲಾರಿ ಹೋಗದ ಮೋರಿಯಲ್ಲಿ ಎಂಜಿನ್ನೂ ಹೋಗುವುದಿಲ್ಲ.

ಎರಡು, ನೀರು. ಹೋಸ್ ಪೂರ್ತಿ ಬಿಟ್ಟರೆ ಅಷ್ಟೂ ನೀರು ಹತ್ತು ಹನ್ನೆರಡು ನಿಮಿಷದಲ್ಲಿ ಖಾಲಿ. ಮತ್ತೆ ತುಂಬಿಸಲು ಪೇಟೆಗೆ ಹೋಗಬೇಕಾದರೆ ಕೆಲಸ ಕೆಟ್ಟಿತು. ಹತ್ತಿರದಲ್ಲಿ ಕೆರೆ, ಟ್ಯಾಂಕು ಇದ್ದರೆ ಎಂಜಿನ್ನಿನ ಪಂಪೇ ಹೀರಿಕೊಳ್ಳುತ್ತದೆ. ಆದರೆ ನಮ್ಮ ಪಂಪುಗಳ ನಿಯಮವೇ ಅದಕ್ಕೂ. ಏಳು ಮೀಟರಿಗಿಂತ, ಅಂದರೆ ಸುಮಾರು 23 ಅಡಿಗಿಂತ ಆಳದಿಂದ ಹೀರುವುದು ಕಷ್ಟ. ಬೇಸಿಗೆಯಲ್ಲಿ ತಳ ಸೇರಿದ ಬಾವಿಯ ನೀರು ಕಣ್ಣಿಗೆ ಕಂಡರೂ ಎಂಜಿನ್ನಿಗೆ ಸಿಗದು.

ಮೂರು, ಏರು. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದರೆ ಮೇಲ್ಮುಖವಾಗಿ ಓಡುವ ಬೆಂಕಿಯ ವೇಗ ಸುಮಾರಾಗಿ ಇಮ್ಮಡಿ. ಆದ್ದರಿಂದ ಬೆಂಕಿಯ ಮೇಲಿನ ಬದಿಯಲ್ಲಿ ನಿಂತು ಬಡಿಯಲೇಬಾರದು. ಸುಟ್ಟ ಜಾಗದ ಕಡೆಯಿಂದ, ಬದಿಗಳಿಂದ ಮುತ್ತಬೇಕು.

ನಾಲ್ಕನೆಯದು ಅವರು ನಗುತ್ತ ಹೇಳಿದ್ದು: "22 ಕಿಲೋಮೀಟರ್ ದೂರಕ್ಕೆ ನಾವು ಎಷ್ಟು ವೇಗ ಬಂದರೂ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯ ಅಗ್ನಿಶಾಮಕ ದಳ ನೀವೇ."

ಈ ಮಾತು ನನ್ನನ್ನು ಬಿಡಲಿಲ್ಲ.

ಊರಿಗೆ ಬಂದ ಠಾಣೆ

ಊರಿಗೆ ಬಂದು ಇದನ್ನೇ ಎಲ್ಲರಿಗೂ ಹೇಳುವಿರಾ ಅಂತ ಕೇಳಿದೆ. ಒಂದು ಅರ್ಜಿ ಬರೆದು ಕೊಡಿ ಅಂದರು. ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಲ್ಲೆಲ್ಲ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿ, ಸಿಡಿಮದ್ದು ತುಂಬಿದ್ದ 'ಫೋರ್ಟ್ ಸ್ಟಿಕೀನ್' ಹಡಗಿಗೆ ಬೆಂಕಿ ಹಿಡಿಯಿತು. ನಂದಿಸಲು ಹೋದಾಗ ಹಡಗು ಸಿಡಿದು 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೆ ಈ ವಾರ. ಆ ವಾರದಲ್ಲಿ ಠಾಣೆಯವರು ಶಾಲೆ, ಆಸ್ಪತ್ರೆ, ಸಂತೆಗಳಿಗೆ ಹೋಗಿ ಪ್ರದರ್ಶನ ಕೊಡುತ್ತಾರೆ. ಕರೆದರೆ ಬೇರೆ ದಿನಗಳಲ್ಲೂ ಬರುತ್ತಾರೆ.

ನಮ್ಮ ಹಾಲಿನ ಸೊಸೈಟಿಯ ಅಂಗಳದಲ್ಲಿ ಪ್ರದರ್ಶನ ಆಯಿತು. ಇಪ್ಪತ್ತು ಜನ ಬಂದಾರು ಅಂದುಕೊಂಡಿದ್ದೆವು, ನೂರು ದಾಟಿತು. ಗ್ಯಾಸ್ ಸಿಲಿಂಡರಿಗೆ ಬೆಂಕಿ ಕೊಟ್ಟು, ಒದ್ದೆ ಗೋಣಿ ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಮುಚ್ಚಿ ನಂದಿಸಿ ತೋರಿಸಿದರು. ಬಳಿಕ "ಯಾರು ಬರ್ತೀರಿ?" ಅಂದರು. ಗಂಡಸರೆಲ್ಲ ಹಿಂದೆ ಸರಿದಾಗ ಎದ್ದು ಬಂದವರು ನೆರೆಮನೆಯ ಅಕ್ಕ. ಅವರದೇ ಹಟ್ಟಿಯ ಹುಲ್ಲು ನನ್ನಿಂದ ಸುಟ್ಟದ್ದು. ಒಂದೇ ಸಲಕ್ಕೆ ನಂದಿಸಿದರು. ಆ ಮೇಲೆ ಸಾಲು ನಿಂತಿತು.

ಅಲ್ಲಿ ಕಲಿತ ಇತರ ಮಾತುಗಳು ಇವು. ಪಂಪ್ ಶೆಡ್ಡಿನ ಸ್ಟಾರ್ಟರ್ ಪೆಟ್ಟಿಗೆ ಉರಿದರೆ ನೀರು ಹಾಕಬೇಡಿ. ಮೇನ್ ಸ್ವಿಚ್ ತೆಗೆದು ಒಣ ಮರಳು ಎರಚಿ. ಬಾಣಲೆಯ ಎಣ್ಣೆಗೆ ಬೆಂಕಿ ಹಿಡಿದರೂ ನೀರು ಕೂಡದು, ತಟ್ಟೆ ಮುಚ್ಚಿ ಒಲೆ ಆರಿಸಿ. ಮೈ ಬಟ್ಟೆಗೆ ಹಿಡಿದರೆ ಓಡಬೇಡಿ, ನೆಲಕ್ಕೆ ಬಿದ್ದು ಹೊರಳಿ. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ ಆಸ್ಪತ್ರೆಗೆ ಹೋಗಿ. ಶಾಯಿ, ಬೂದಿ, ಪೇಸ್ಟು ಹಚ್ಚಬೇಡಿ.

ಬಾವಿಗೆ ಇಳಿಯಬೇಡಿ

ಅಗ್ನಿಶಾಮಕ ದಳ ಅಂದರೆ ಬೆಂಕಿ ಮಾತ್ರ ಅಂತ ನಾವು ತಿಳಿದಿದ್ದೆವು. ಬಾವಿಗೆ ಬಿದ್ದ ದನವನ್ನು ಬೆಲ್ಟು ಕಟ್ಟಿ ಎತ್ತುವುದು, ನೆರೆಯಲ್ಲಿ ಸಿಕ್ಕಿದವರನ್ನು ದಾಟಿಸುವುದು, ರಸ್ತೆಗೆ ಬಿದ್ದ ಮರ ಕೊಯ್ಯುವುದು ಎಲ್ಲವೂ ಅವರ ಕೆಲಸದಲ್ಲಿ ಸೇರಿದೆ.

ಒಂದು ಎಚ್ಚರಿಕೆಯನ್ನು ಅವರು ಎರಡೆರಡು ಸಲ ಹೇಳಿದರು. ಬಹಳ ಕಾಲ ಮುಚ್ಚಿದ್ದ ಬಾವಿಯಲ್ಲಿ, ಗೋಬರ್ ಗ್ಯಾಸಿನ ಗುಂಡಿಯಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಇಳಿದವ ಕುಸಿದ ಅಂತ ಎತ್ತಲು ಇಳಿದ ಎರಡನೆಯವ, ಮೂರನೆಯವ ಕೂಡ ಸಾಯುತ್ತಾರೆ. ಹಗ್ಗ ಕಟ್ಟಿಕೊಂಡರೂ ಇಳಿಯಬಾರದು. ಬಾವಿಗೆ ದೀಪ ಇಳಿಸಿ ನೋಡುವ ಹಳೇ ಪದ್ಧತಿಯನ್ನು ಗೋಬರ್ ಗ್ಯಾಸಿನ ಗುಂಡಿಗೆ ಮಾಡಲೇಬಾರದು, ಅಲ್ಲಿರುವುದು ಉರಿಯುವ ಅನಿಲ. ದೀಪ ಆರಲಿಲ್ಲ ಅಂದಮಾತ್ರಕ್ಕೆ ಬಾವಿಯಲ್ಲಿ ವಿಷಗಾಳಿ ಇಲ್ಲ ಅಂತಲೂ ಅಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಸಲಕರಣೆ ಠಾಣೆಯಲ್ಲಿದೆ. ಫೋನ್ ಮಾಡಿ, ಅವರು ಬರುವ ತನಕ ಯಾರನ್ನೂ ಇಳಿಯಲು ಬಿಡಬೇಡಿ.

ನಾವು ಮಾಡಿಕೊಂಡದ್ದು

ಆ ಮಳೆಗಾಲ ಕಳೆದ ಮೇಲೆ ನಮ್ಮ ಹದಿನಾಲ್ಕು ಮನೆಯವರು ಸೇರಿ ಕೆಲವು ಕೆಲಸ ಮಾಡಿದೆವು. ಯಾವುದೂ ದೊಡ್ಡದಲ್ಲ.

ಮೋರಿಯನ್ನು ಪಂಚಾಯತಿನ ಸಹಾಯದಿಂದ ಸಿಮೆಂಟು ಕೊಳವೆ ಇಟ್ಟು ಗಟ್ಟಿ ಮಾಡಿದೆವು. ದಾರಿಯ ಎರಡು ಮೂಲೆಗಳಲ್ಲಿ ಬರೆ ಕಡಿದು ಅಗಲ ಮಾಡಿದೆವು. ಒಂದು ಮೂಲೆ ನನ್ನದೇ ಜಾಗ, ಎಂಟು ಅಡಿಕೆ ಮರ ಹೋಯಿತು. ಬೇಸರವಾಗಲಿಲ್ಲ.

ರಸ್ತೆಬದಿಯಲ್ಲಿ ಒಬ್ಬರ ನೀರಾವರಿ ಟ್ಯಾಂಕು ಇದೆ. ಜನವರಿಯಿಂದ ಮಳೆ ಬರುವವರೆಗೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸುವುದಿಲ್ಲ ಅಂತ ಅವರು ಒಪ್ಪಿದರು. ಪ್ರತಿಯಾಗಿ ಅವರ ಪಾಲಿನ ಬೆಂಕಿದಾರಿಯನ್ನು ನಾವು ಕೆರೆಸಿ ಕೊಡುತ್ತೇವೆ.

ಡಿಸೆಂಬರ್ ಕೊನೆಗೆ, ಹುಲ್ಲು ಪೂರ್ತಿ ಒಣಗುವ ಮೊದಲು, ಗಡಿಯುದ್ದಕ್ಕೂ ಹತ್ತು ಅಡಿ ಅಗಲ ಹುಲ್ಲು ಕೆರೆಸುತ್ತೇವೆ. ಬೈಹುಲ್ಲು ಕುತ್ತರಿ ಹಟ್ಟಿಗೆ ಒತ್ತಿ ಹಾಕುವುದನ್ನು ಎಲ್ಲರೂ ಬಿಟ್ಟಿದ್ದೇವೆ. ಹುಲ್ಲು ತರಲು ನಾಲ್ಕು ಹೆಜ್ಜೆ ಹೆಚ್ಚು ನಡೆಯಬೇಕು, ಅಷ್ಟೇ ನಷ್ಟ.

ತರಗೆಲೆಗೆ ನಾನು ಬೆಂಕಿ ಕೊಡುವುದನ್ನೇ ನಿಲ್ಲಿಸಿದೆ. ಅದು ಈಗ ಅಡಿಕೆ ಬುಡಕ್ಕೆ ಮುಚ್ಚಿಗೆ. ಸುಟ್ಟು ಹಾಳುಮಾಡುತ್ತಿದ್ದದ್ದು ಗೊಬ್ಬರವನ್ನು ಅಂತ ತಿಳಿಯಲು ನನಗೆ ಇಷ್ಟು ಕಾಲ ಬೇಕಾಯಿತು.

ಇನ್ನು ಫೋನ್. ಪ್ರತಿ ಮನೆಯ ಗೋಡೆಯಲ್ಲಿ ಒಂದು ಚೀಟಿ ಅಂಟಿಸಿದ್ದೇವೆ. ಅದರಲ್ಲಿ 101, 112 ಮತ್ತು ಠಾಣೆಯ ನೇರ ನಂಬರು. ಕೆಳಗೆ ಹೇಳಬೇಕಾದ ಮಾತು ಬರೆದೇ ಇದೆ: ಊರು, ಗ್ರಾಮ, ಯಾವ ಮುಖ್ಯರಸ್ತೆ, ಯಾವ ಭಜನಾಮಂದಿರದ ಹತ್ತಿರ ಎಡಕ್ಕೆ, ಉರಿಯುತ್ತಿರುವುದು ಏನು, ಒಳಗೆ ಜನ-ದನ ಇದೆಯೋ. ಫೋನ್ ಮಾಡಿದವರು ಕೈಕೊಟ್ಟು ಕೂರಬಾರದು. ಒಬ್ಬರು ಬೈಕಿನಲ್ಲಿ ಮುಖ್ಯರಸ್ತೆಯ ತಿರುವಿಗೆ ಹೋಗಿ ನಿಲ್ಲಬೇಕು.

ಬೆಂಕಿ ನಂದಿಸಿದ್ದಕ್ಕೆ ದುಡ್ಡು ಕೊಡಬೇಕಾದೀತು ಅಂತ ಹೆದರಿ ಫೋನ್ ಮಾಡದವರಿದ್ದಾರೆ. ಬೆಂಕಿ ನಂದಿಸಲು ಬಂದದ್ದಕ್ಕೆ ಅವರು ಶುಲ್ಕ ಕೇಳುವುದಿಲ್ಲ. ಆರಿಸಿ ಆಯಿತು ಅಂತಾದರೆ ದಾರಿಯಲ್ಲಿರುವ ಎಂಜಿನ್ನಿಗೆ ತಿಳಿಸಿದರಾಯಿತು.

ಎರಡನೆಯ ಬೆಂಕಿ

2024ರ ಮಾರ್ಚ್‌ನಲ್ಲಿ ಗುಡ್ಡೆಯ ಮೇಲೆ ಗಾಳಿಗೆ ವಿದ್ಯುತ್ ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಬಿತ್ತು. ಮಧ್ಯಾಹ್ನ ಎರಡು ಗಂಟೆ, ಅದೇ ಪಡುಗಾಳಿ. ಠಾಣೆಗೂ ಕರೆಂಟಿನವರಿಗೂ ಒಟ್ಟಿಗೆ ಫೋನ್ ಹೋಯಿತು. ಲೈನು ಆಫ್ ಆದ ಮೇಲೆ ಹನ್ನೆರಡು ಜನ ಸೊಪ್ಪು ಹಿಡಿದು ಬೆಂಕಿದಾರಿಯಲ್ಲಿ ನಿಂತೆವು. ಬೆಂಕಿ ಅಲ್ಲಿಯವರೆಗೆ ಬಂದು ತಗ್ಗಿತು. ದಾಟಿದ ಎರಡು ಕಡೆ ಬಡಿದು ಕೊಂದೆವು. ಎಂಜಿನ್ ಮೋರಿ ದಾಟಿ ಗುಡ್ಡೆಯ ಬುಡಕ್ಕೇ ಬಂತು. ನೀರು ಮುಗಿದಾಗ ರಸ್ತೆಬದಿಯ ಟ್ಯಾಂಕಿನಿಂದ ತುಂಬಿಸಿಕೊಂಡಿತು. ಹೋದದ್ದು ಅರ್ಧ ಎಕ್ರೆ ಮುಳಿ ಮತ್ತು ಆರು ಗೇರು ಗಿಡ.

ತಿರುವಿನಲ್ಲಿ ಬೈಕ್ ನಿಲ್ಲಿಸಿ ಎಂಜಿನ್ನಿಗೆ ದಾರಿ ತೋರಿಸಿದವರು ನೆರೆಮನೆಯವರು. ಆ ದಿನ ಬೆಂಕಿ ಹೊರಟದ್ದು ನನ್ನ ಗುಡ್ಡೆಯ ಕಡೆಗೆ.

ನಿಮ್ಮ ತಾಲೂಕಿನಲ್ಲೂ ಠಾಣೆ ಇರಬಹುದು. ಬೆಂಕಿ ಬೀಳುವ ಮೊದಲು ಒಮ್ಮೆ ಹೋಗಿ ಬನ್ನಿ. ನಿಮ್ಮ ದಾರಿಯಲ್ಲಿ ಎಂಜಿನ್ ಬರುತ್ತದೋ ಇಲ್ಲವೋ ಅಂತ ಕೇಳಿ. ಉತ್ತರ 'ಇಲ್ಲ' ಅಂತಾದರೆ ಸರಿಪಡಿಸಲು ಒಂದು ಮಳೆಗಾಲದ ಸಮಯವಾದರೂ ಸಿಗುತ್ತದೆ. ನನಗೆ ಅದು ಕುತ್ತರಿ ಉರಿಯುವ ದಿನ ಗೊತ್ತಾಯಿತು.