ನಿಮಗಿದು ಗೊತ್ತೇ? ಸೋತ ಸ್ಕ್ರಿಪ್ಟು, ಗೆದ್ದ ಸೀರಿಯಲ್ಲು

2007ರ ವಿಶ್ವಕಪ್ ಕ್ರಿಕೆಟ್ ನೆನಪಿದೆಯೇ? ಪಾಕಿಸ್ತಾನ ತಂಡ ಐರ್ಲೆಂಡ್ ಎದುರು ಸೋತ ಮರುದಿನವೇ ಅದರ ಕೋಚ್ ಬಾಬ್ ವೂಲ್ಮರ್ ಜಮೈಕಾದಲ್ಲಿ ತೀರಿಕೊಂಡರು. ಕೊಲೆ ಎಂದು ಗುಲ್ಲೆದ್ದಿತು, ತನಿಖೆ ತಿಂಗಳುಗಟ್ಟಲೆ ಎಳೆಯಿತು, ಕೊನೆಗೆ ಜಮೈಕಾ ಪೊಲೀಸರು ಅದು ಸಹಜ ಸಾವು ಎಂದರು. ಕೆರಿಬಿಯನ್ ದ್ವೀಪವೊಂದರಲ್ಲಿ ಬ್ರಿಟಿಷ್ ಪೊಲೀಸ್ ಅಧಿಕಾರಿಯೊಬ್ಬ ತನಿಖೆ ಮಾಡುತ್ತಿದ್ದಾನೆ ಎಂಬ ಸುದ್ದಿಯನ್ನು ಇಂಗ್ಲೆಂಡಿನಲ್ಲಿ ಕೂತು ಓದಿದ ರಾಬರ್ಟ್ ಥರೋಗುಡ್ ಎಂಬ ಬರಹಗಾರನಿಗೆ, ಇದರಲ್ಲೊಂದು ಸೀರಿಯಲ್ಲು ಇದೆಯಲ್ಲ ಅನ್ನಿಸಿತು. ಆದರೆ ಕೇಳುವವರು ಬೇಕಲ್ಲ! 2008ರಲ್ಲಿ ಅವರು ಹೊಸ ಟೀವಿ ಬರಹಗಾರರಿಗಾಗಿಯೇ ಇದ್ದ ‘ರೆಡ್ ಪ್ಲಾನೆಟ್ ಪ್ರೈಜ್’ ಸ್ಪರ್ಧೆಗೆ ಸ್ಕ್ರಿಪ್ಟ್ ಕಳಿಸಿದರು. ಕೊನೆಯ ಸುತ್ತಿನವರೆಗೂ ಬಂದರು. ಗೆಲ್ಲಲಿಲ್ಲ. ಆದರೆ ಸ್ಪರ್ಧೆಯ ಹಿಂದಿದ್ದ ಹಿರಿಯ ಟೀವಿ ಬರಹಗಾರ ಟೋನಿ ಜೋರ್ಡನ್ ಪರಿಚಯ ಅಲ್ಲಿ ಆಯಿತು. ಇಬ್ಬರೂ ಸೇರಿ ಆ ಎಳೆಯನ್ನು ಬೆಳೆಸಿದ್ದೇ ಬಿಬಿಸಿಯ ‘ಡೆತ್ ಇನ್ ಪ್ಯಾರಡೈಸ್’. 2011ರ ಅಕ್ಟೋಬರ್‌ನಲ್ಲಿ ಶುರುವಾದ ಅದು ಸೀಸನ್ ಮೇಲೆ ಸೀಸನ್ ಓಡುತ್ತಲೇ ಬಂದಿದೆ.

ಗೆದ್ದವರ ಕತೆಯೂ ಇದೆ. ‘ಬ್ರೇಕಿಂಗ್ ಬ್ಯಾಡ್’ ಸೃಷ್ಟಿಕರ್ತ ವಿನ್ಸ್ ಗಿಲಿಗನ್ 1989ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಗವರ್ನರ್ ಚಿತ್ರಕಥಾ ಪ್ರಶಸ್ತಿ ಪಡೆದರು. ರಾಜ್ಯ ಮಟ್ಟದ ಸ್ಪರ್ಧೆ, ಹೊರಗೆ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ್ದು. ಆದರೆ ತೀರ್ಪುಗಾರರಲ್ಲಿ ಒಬ್ಬರು ಮಾರ್ಕ್ ಜಾನ್ಸನ್, ಆಗಷ್ಟೇ ‘ರೇನ್ ಮ್ಯಾನ್’ ಚಿತ್ರ ನಿರ್ಮಿಸಿ ಆಸ್ಕರ್ ಗೆದ್ದಿದ್ದವರು. ಹುಡುಗನ ಕೈ ಬಿಡಲಿಲ್ಲ. 2008ರಲ್ಲಿ ‘ಬ್ರೇಕಿಂಗ್ ಬ್ಯಾಡ್’ ಶುರುವಾದಾಗ ಅದರ ನಿರ್ಮಾಪಕರ ಪಟ್ಟಿಯಲ್ಲಿದ್ದದ್ದು ಇದೇ ಜಾನ್ಸನ್. ಬಹುಮಾನದ ಮೊತ್ತ ನೋಡಿ ಸ್ಪರ್ಧೆ ಆರಿಸುವವರು ತೀರ್ಪುಗಾರರ ಪಟ್ಟಿಯನ್ನೂ ಒಮ್ಮೆ ನೋಡುವುದು ಒಳ್ಳೆಯದು.

ನಮ್ಮ ದೇಶದಲ್ಲೂ ಹೀಗಾಗಿದೆ, ಟೀವಿಯಲ್ಲಲ್ಲ, ಸಿನಿಮಾದಲ್ಲಿ. ‘ಲಾಪತಾ ಲೇಡೀಸ್’ ಮೂಲತಃ ಬಿಪ್ಲಬ್ ಗೋಸ್ವಾಮಿ ಬರೆದ ‘ಟೂ ಬ್ರೈಡ್ಸ್’. ಸಿನೆಸ್ತಾನ್ ಚಿತ್ರಕಥಾ ಸ್ಪರ್ಧೆಯಲ್ಲಿ ಅದು ರನ್ನರ್-ಅಪ್ ಅಷ್ಟೇ. ತೀರ್ಪುಗಾರರಲ್ಲಿ ಆಮಿರ್ ಖಾನ್ ಇದ್ದರು. ಮುಂದೆ ಅದನ್ನು ಕಿರಣ್ ರಾವ್ ನಿರ್ದೇಶಿಸಿದರು. 2024ರಲ್ಲಿ ತೆರೆಕಂಡ ಆ ಚಿತ್ರವನ್ನೇ ಭಾರತ ಆಸ್ಕರ್‌ಗೆ ಕಳಿಸಿತು.

ಸ್ಟುಡಿಯೋ ನೋಡಲು ಬಂದ ಅಭಿಮಾನಿಯೊಬ್ಬ ಅಲ್ಲೇ ಬರಹಗಾರನಾಗಿ ಉಳಿದುಬಿಟ್ಟದ್ದು ಗೊತ್ತೇ? ರೊನಾಲ್ಡ್ ಡಿ. ಮೂರ್ ಆಗ ಕಾಲೇಜು ಅರ್ಧಕ್ಕೆ ಬಿಟ್ಟವರು. ಪರಿಚಯದವರ ಮೂಲಕ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಸೆಟ್ ನೋಡುವ ಅವಕಾಶ ಸಿಕ್ಕಿತು. ಬರಿಗೈಯಲ್ಲಿ ಹೋಗಲಿಲ್ಲ, ತಾವೇ ಬರೆದ ಒಂದು ಎಪಿಸೋಡಿನ ಸ್ಕ್ರಿಪ್ಟ್ ಒಯ್ದು ಅಲ್ಲಿನವರ ಕೈಗೆ ಕೊಟ್ಟರು. ತಿಂಗಳುಗಟ್ಟಲೆ ಅದು ರಾಶಿಯಲ್ಲಿ ಬಿದ್ದಿತ್ತು. ಮೂರನೇ ಸೀಸನ್‌ಗೆ ಬರಹಗಾರರ ತಂಡದ ಮುಖ್ಯಸ್ಥರಾಗಿ ಬಂದ ಮೈಕೆಲ್ ಪಿಲ್ಲರ್ ರಾಶಿಯಿಂದ ಅದನ್ನು ಎತ್ತಿ ಓದಿ ಖರೀದಿಸಿದರು. ‘ದಿ ಬಾಂಡಿಂಗ್’ ಹೆಸರಿನಲ್ಲಿ 1989ರಲ್ಲಿ ಅದು ಪ್ರಸಾರವಾಯಿತು, ಮೂರ್ ತಂಡದೊಳಗೆ ಬಂದರು. ಮುಂದೆ ಹೊಸ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಮತ್ತು ‘ಔಟ್‌ಲ್ಯಾಂಡರ್’ ಸರಣಿಗಳನ್ನು ರೂಪಿಸಿದ್ದೂ ಇವರೇ.

ಪಿಲ್ಲರ್ ಮಾಡಿದ ಇನ್ನೂ ದೊಡ್ಡ ಕೆಲಸವೆಂದರೆ, ಏಜೆಂಟ್ ಇಲ್ಲದವರೂ ಸ್ಕ್ರಿಪ್ಟ್ ಕಳಿಸಬಹುದು ಎಂದು ಬಾಗಿಲು ತೆರೆದಿಟ್ಟದ್ದು. ಅಮೆರಿಕದ ಟೀವಿಯಲ್ಲಿ ಇಂಥದ್ದು ಬಲು ಅಪರೂಪ. ಕೇಳದೆ ಬಂದ ಕವರನ್ನು ಒಡೆಯದೇ ಹಿಂದಿರುಗಿಸುವುದು ಅಲ್ಲಿನ ವಾಡಿಕೆ, ಏಕೆಂದರೆ ಓದಿದರೆ ನಾಳೆ ‘ನನ್ನ ಕತೆ ಕದ್ದರು’ ಎಂದು ಕೋರ್ಟಿಗೆ ಹೋಗುವವರ ಭಯ. ಹಾಗೆ ಸ್ಟಾರ್ ಟ್ರೆಕ್‌ಗೆ ಸ್ಕ್ರಿಪ್ಟ್ ಕಳಿಸಿದವರಲ್ಲಿ ಬರ್ಕ್ಲಿಯಲ್ಲಿ ಭಾಷಾವಿಜ್ಞಾನ ಓದುತ್ತಿದ್ದ ಜೇನ್ ಎಸ್ಪೆನ್ಸನ್ ಕೂಡ ಒಬ್ಬರು. ಆಮೇಲೆ ಡಿಸ್ನಿಯ ಬರಹಗಾರರ ಫೆಲೋಶಿಪ್ ಸಿಕ್ಕಿತು. ಭಾಷಾವಿಜ್ಞಾನ ಹಿಂದೆ ಉಳಿಯಿತು, ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ ಮುಂದೆ ಬಂತು.

ಏಜೆಂಟ್ ಸಿಗದಿದ್ದರೆ? ತಾವೇ ಹುಟ್ಟಿಸಿಕೊಂಡವರಿದ್ದಾರೆ. ನ್ಯೂಯಾರ್ಕಿನಲ್ಲಿ ವಕೀಲರಾಗಿದ್ದ ಟೆರೆನ್ಸ್ ವಿಂಟರ್ ಕೋಟು ಕಳಚಿಟ್ಟು ಲಾಸ್ ಏಂಜಲೀಸ್‌ಗೆ ಬಂದವರು. ಲಾ ಕಾಲೇಜಿನ ಗೆಳೆಯನೊಬ್ಬನನ್ನು ಕಾಗದದ ಮೇಲೆ ಏಜೆಂಟ್ ಮಾಡಿ, ಆ ಹೆಸರಿನಲ್ಲಿ ತಮ್ಮ ಸ್ಕ್ರಿಪ್ಟ್‌ಗಳನ್ನು ತಾವೇ ಸ್ಟುಡಿಯೋಗಳಿಗೆ ಕಳಿಸುತ್ತಿದ್ದರು. ವಕೀಲಿ ಬುದ್ಧಿ ಹೀಗೂ ಉಪಯೋಗಕ್ಕೆ ಬಂತು! ನಂತರ ವಾರ್ನರ್ ಬ್ರದರ್ಸ್ ನಡೆಸುತ್ತಿದ್ದ ಬರಹಗಾರರ ಕಾರ್ಯಾಗಾರಕ್ಕೆ ಆಯ್ಕೆಯಾದರು. ‘ದಿ ಸೊಪ್ರಾನೋಸ್’ ನೋಡಿದವರೆಲ್ಲ ಮೆಲುಕು ಹಾಕುವ ‘ಪೈನ್ ಬ್ಯಾರನ್ಸ್’ ಎಪಿಸೋಡ್ ಬರೆದದ್ದು ಇವರೇ.

ಅದೇ ವಾರ್ನರ್ ಕಾರ್ಯಾಗಾರವನ್ನು 2022ರ ಅಕ್ಟೋಬರ್‌ನಲ್ಲಿ ಕಂಪನಿ ಖರ್ಚು ಕಡಿತದ ಹೆಸರಿನಲ್ಲಿ ಮುಚ್ಚುತ್ತೇವೆಂದಿತು. ನಾಲ್ಕು ದಶಕದ ಹಳೆಯ ಯೋಜನೆ. ನಿರ್ದೇಶಕರ ಸಂಘ ತಿರುಗಿ ಬಿದ್ದಿತು. ಬೆನ್ನಿಗೇ ಕಂಪನಿ ಮಾತು ಬದಲಿಸಿ, ಬೇರೆ ವಿಭಾಗದಡಿ ಮುಂದುವರಿಸುತ್ತೇವೆ ಎಂದಿತು. ಇಂಥ ಯೋಜನೆಗಳ ಆಯುಷ್ಯ ಕಂಪನಿಯ ಲೆಕ್ಕಪತ್ರದ ಕೈಯಲ್ಲಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

‘ದಿ ಆಫೀಸ್’ ತಂಡ ಸೇರಿದಾಗ ಮಿಂಡಿ ಕೇಲಿಂಗ್‌ಗೆ 24 ವರ್ಷ. ಎಂಟು ಜನ ಬರಹಗಾರರಲ್ಲಿ ಅವರೊಬ್ಬರೇ ಹೆಣ್ಣು. ತಂದೆ ತಮಿಳರು, ತಾಯಿ ಬಂಗಾಳಿ. ಗೆಳತಿಯೊಂದಿಗೆ ಬರೆದು ಆಡಿದ ‘ಮ್ಯಾಟ್ ಅಂಡ್ ಬೆನ್’ ನಾಟಕ ನೋಡಿ ‘ದಿ ಆಫೀಸ್’ ರೂವಾರಿ ಗ್ರೆಗ್ ಡೇನಿಯಲ್ಸ್ ಕರೆದದ್ದು. ಅವರ ಸಂಬಳ ಮಾತ್ರ ಸೀರಿಯಲ್ಲಿನ ಬಜೆಟ್ಟಿನಿಂದ ಬರುತ್ತಿರಲಿಲ್ಲ. ಅವಕಾಶವಂಚಿತ ಸಮುದಾಯದ ಒಬ್ಬ ಹೊಸಬರನ್ನು ತೆಗೆದುಕೊಂಡರೆ ಸಂಬಳ ನಾವೇ ಕೊಡುತ್ತೇವೆ ಎಂದು ಎನ್‌ಬಿಸಿ ವಾಹಿನಿ ಒಂದು ಯೋಜನೆ ಮಾಡಿತ್ತು. ‘30 ರಾಕ್’ಗೆ ಡೊನಾಲ್ಡ್ ಗ್ಲೋವರ್ ಬಂದದ್ದೂ ಅದೇ ದಾರಿಯಲ್ಲಿ. ಆಗ ಆತನಿಗೆ 23, ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗ. ಈ ಯೋಜನೆಗೆ ಇನ್ನೊಂದು ಮುಖವೂ ಇತ್ತು. ಪುಕ್ಕಟೆ ಅವಧಿ ಮುಗಿದು ಸಂಬಳದ ಹೊಣೆ ತಮ್ಮ ತಲೆಗೆ ಬಂದ ಕೂಡಲೇ ಕೆಲವು ತಂಡಗಳು ಹೊಸಬರನ್ನು ಕಳಿಸಿಬಿಡುತ್ತಿದ್ದವು. ‘ಬಿಟ್ಟಿ ಬರಹಗಾರ’ ಎಂಬ ಹಣೆಪಟ್ಟಿಯೂ ಅಂಟುತ್ತಿತ್ತು.

ಗ್ಲೋವರ್ ಕೆಲಸ ಸಿಗಲೆಂದು ಬರೆದ ಸ್ಕ್ರಿಪ್ಟ್ ಯಾವುದು? ‘ದಿ ಸಿಂಪ್ಸನ್ಸ್’ನ ಒಂದು ಎಪಿಸೋಡು! ಈಗಾಗಲೇ ಓಡುತ್ತಿರುವ ಸೀರಿಯಲ್ಲಿನ ಒಂದು ಎಪಿಸೋಡನ್ನು ಯಾರೂ ಕೇಳದೆ ಬರೆದು ಕೈಚಳಕ ತೋರಿಸುವುದಕ್ಕೆ ಅಲ್ಲಿ ‘ಸ್ಪೆಕ್’ ಎನ್ನುತ್ತಾರೆ. ಯಾವ ಸೀರಿಯಲ್ಲಿಗೆ ಬರೆದಿರುತ್ತೀರೋ ಅದೇ ತಂಡಕ್ಕೆ ಅದನ್ನು ಕಳಿಸುವಂತಿಲ್ಲ ಎನ್ನುವುದು ಅಲಿಖಿತ ನಿಯಮ, ಕಾರಣ ಮತ್ತದೇ ಕೋರ್ಟಿನ ಭಯ. ಬೇರೆಯವರು ಕಟ್ಟಿದ ಪಾತ್ರಗಳ ದನಿ ಹಿಡಿಯಬಲ್ಲಿರಾ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಕತೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು ಎನ್ನುವ ನಮ್ಮ ದೈನಿಕ ಧಾರಾವಾಹಿಗಳಿಗೆ ಬೇಕಾದ್ದೂ ಇದೇ ಕಸುಬು. ಕನ್ನಡದಲ್ಲಿ ಬರೆಯುವ ಆಸೆಯಿರುವವರು ಓಡುತ್ತಿರುವ ಒಂದು ಸೀರಿಯಲ್ಲು ಹಿಡಿದು ಅಭ್ಯಾಸಕ್ಕಾದರೂ ಒಂದು ಎಪಿಸೋಡ್ ಬರೆದು ನೋಡಲಿ. ಅತ್ತೆ ಪಾತ್ರದ ಸಂಭಾಷಣೆ ಸೊಸೆಯ ಬಾಯಿಗೂ ಹೊಂದಿದರೆ ಇನ್ನೊಂದು ಸಲ ಬರೆಯಬೇಕು ಎಂದೇ ಅರ್ಥ.

‘ಹ್ಯಾಪಿ ವ್ಯಾಲಿ’ ಬರೆದ ಸ್ಯಾಲಿ ವೇನ್‌ರೈಟ್ ಬರವಣಿಗೆಯಲ್ಲಿ ನೆಲೆ ಸಿಗುವವರೆಗೆ ಲಂಡನ್ನಿನಲ್ಲಿ ಬಸ್ ಓಡಿಸುತ್ತಿದ್ದರು.

ಬಿಬಿಸಿಗೆ ಯಾರು ಬೇಕಾದರೂ ಸ್ಕ್ರಿಪ್ಟ್ ಕಳಿಸಬಹುದಾದ ದಿನಗಳು ಇರುತ್ತವೆ, ಶುಲ್ಕವಿಲ್ಲ. ಆದರೆ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ನೆಲೆಸಿರಬೇಕು. ಲಂಡನ್, ಮ್ಯಾಂಚೆಸ್ಟರ್‌ಗಳಲ್ಲಿರುವ ಕನ್ನಡದ ಹುಡುಗ ಹುಡುಗಿಯರು ಗಮನಿಸಿ. ಸಾವಿರಾರು ಸ್ಕ್ರಿಪ್ಟ್ ಬರುವುದರಿಂದ ಮೊದಲ ಸುತ್ತಿನಲ್ಲಿ ಓದುವುದು ಮೊದಲ 10 ಪುಟ ಮಾತ್ರ. 11ನೇ ಪುಟದಲ್ಲಿ ಕತೆ ಬಿಸಿಯೇರುತ್ತದೆ ಅಂದರೆ ಕೇಳುವವರಿಲ್ಲ. 2005ರಲ್ಲಿ ಜಾನ್ ಯಾರ್ಕ್ ಎಂಬವರು ಬಿಬಿಸಿಯಲ್ಲೇ ಬರಹಗಾರರ ಅಕಾಡೆಮಿ ತೆರೆದರು. ಅಲ್ಲಿ ಪಾಠ ಕೇಳಿದವರು ನೇರ ‘ಈಸ್ಟ್‌ಎಂಡರ್ಸ್’, ‘ಕ್ಯಾಶುಯಲ್ಟಿ’ಯಂಥ ಓಡುತ್ತಿರುವ ಸರಣಿಗಳಿಗೆ ಬರೆಯಬೇಕಿತ್ತು. ಹೊಸಬರ ಪಾಲಿನ ಮೆಟ್ಟಿಲಾಗಿದ್ದ ಇನ್ನೊಂದು ಸರಣಿ ‘ಡಾಕ್ಟರ್ಸ್’. 2000ದಲ್ಲಿ ಶುರುವಾದ ಅದು 2024ರ ನವೆಂಬರ್‌ನಲ್ಲಿ ನಿಂತಾಗ ಬ್ರಿಟನ್ನಿನ ಬರಹಗಾರರು ಹೆಚ್ಚು ಮರುಗಿದ್ದು ಪಾತ್ರಗಳಿಗಾಗಿ ಅಲ್ಲ, ಹೋದ ಆ ಮೆಟ್ಟಿಲಿಗಾಗಿ.

2023ರಲ್ಲಿ ಅಮೆರಿಕದ ಬರಹಗಾರರು 148 ದಿನ ಮುಷ್ಕರ ಹೂಡಿದ್ದು ಬರೀ ದುಡ್ಡಿಗಾಗಿ ಅಲ್ಲ. ಒಟಿಟಿ ಬಂದ ಮೇಲೆ ನಾಲ್ಕಾರು ಜನರನ್ನು ಕೆಲವೇ ವಾರ ಕೂರಿಸಿ ಎಲ್ಲ ಎಪಿಸೋಡ್ ಬರೆಸಿ ಮನೆಗೆ ಕಳಿಸುವ ಪದ್ಧತಿ ಹಬ್ಬಿತ್ತು. ಚಿತ್ರೀಕರಣದ ಹೊತ್ತಿಗೆ ಬರೆದವರು ಸೆಟ್‌ನಲ್ಲಿ ಇರುತ್ತಲೇ ಇರಲಿಲ್ಲ. ಹಿಂದೆಲ್ಲ ಕಿರಿಯ ಬರಹಗಾರ ತನ್ನ ಎಪಿಸೋಡ್ ಚಿತ್ರೀಕರಣವಾಗುವಾಗ ಪಕ್ಕದಲ್ಲೇ ನಿಂತಿರುತ್ತಿದ್ದ. ನಟನ ಬಾಯಿಗೆ ಬಾರದ ಸಾಲು ಬದಲಿಸುತ್ತ, ಬಜೆಟ್ ಸಾಲದೆ ಮಳೆಯ ದೃಶ್ಯವನ್ನು ಮನೆಯೊಳಗೆ ತರುತ್ತ ಕಸುಬು ಕಲಿಯುತ್ತಿದ್ದ. ಆ ದಾರಿಯೇ ಮುಚ್ಚಿದರೆ ನಾಳೆ ಸರಣಿ ನಡೆಸುವವರು ಯಾರು ಎಂಬುದು ಬರಹಗಾರರ ಸಂಘದ ಪ್ರಶ್ನೆಯಾಗಿತ್ತು. ಕೊನೆಗೆ ಎಪಿಸೋಡುಗಳ ಸಂಖ್ಯೆಗೆ ತಕ್ಕಂತೆ 3ರಿಂದ 6 ಬರಹಗಾರರಾದರೂ ಇರಲೇಬೇಕು ಎಂಬ ಷರತ್ತು ಒಪ್ಪಂದಕ್ಕೆ ಸೇರಿತು. ನನ್ನ ಮಟ್ಟಿಗೆ, ಅಮೆರಿಕದ ಎಲ್ಲ ಫೆಲೋಶಿಪ್‌ಗಳಿಗಿಂತ ಹೊಸಬರಿಗೆ ಇದರ ಬೆಲೆ ದೊಡ್ಡದು.

ಭಾರತದಲ್ಲಿ ಕೂತು ಅರ್ಜಿ ಹಾಕಬಹುದಾದ್ದು ಏನಾದರೂ ಇದೆಯೇ? ಇಂಟರ್‌ನ್ಯಾಷನಲ್ ಎಮ್ಮಿ ಪ್ರಶಸ್ತಿಯ ಬಳಗದ ‘ಸರ್ ಪೀಟರ್ ಉಸ್ತಿನೋವ್ ಟೀವಿ ಚಿತ್ರಕಥಾ ಪ್ರಶಸ್ತಿ’ ಅಂಥದ್ದು. ಅಮೆರಿಕನ್ನರಿಗೆ ಪ್ರವೇಶವಿಲ್ಲ, ವಯಸ್ಸು 30 ದಾಟಿರಬಾರದು. ಅರ್ಧ ಗಂಟೆಯಿಂದ ಒಂದು ಗಂಟೆಯ ನಾಟಕೀಯ ಸ್ಕ್ರಿಪ್ಟ್, ಅದೂ ಇಂಗ್ಲಿಷಿನಲ್ಲಿ. ಬಹುಮಾನ 2,500 ಡಾಲರ್, ಜೊತೆಗೆ ನ್ಯೂಯಾರ್ಕ್ ಪ್ರಯಾಣ, ಹಿರಿಯರ ಮಾರ್ಗದರ್ಶನ.

ಈ ಉಸ್ತಿನೋವ್ ಯಾರು ಗೊತ್ತೇ? ಎರಡು ಆಸ್ಕರ್ ಗೆದ್ದ ನಟ, ನಾಟಕಕಾರ, ‘ಡೆತ್ ಆನ್ ದಿ ನೈಲ್’ ಸಿನಿಮಾದ ಪತ್ತೇದಾರ ಪೊಯ್ರೊ. 1984ರ ಅಕ್ಟೋಬರ್ 31ರ ಬೆಳಿಗ್ಗೆ ದೆಹಲಿಯ ಅಕ್ಬರ್ ರಸ್ತೆಯ ಕಚೇರಿಯಲ್ಲಿ ಕ್ಯಾಮೆರಾ ಸಿದ್ಧ ಮಾಡಿಕೊಂಡು ಪ್ರಧಾನಿಯ ಸಂದರ್ಶನಕ್ಕೆ ಕಾದಿದ್ದರು. ಪಕ್ಕದ ಸಫ್ದರ್‌ಜಂಗ್ ರಸ್ತೆಯ ಮನೆಯಿಂದ ಇಂದಿರಾ ಗಾಂಧಿ ನಡೆದು ಬರುತ್ತಿದ್ದದ್ದು ಈ ಸಂದರ್ಶನಕ್ಕೇ. ದಾರಿಯಲ್ಲೇ ಗುಂಡು ಹಾರಿತು.

ಸ್ಪರ್ಧೆಗೆ ಕಳಿಸಿದರೆ ಕತೆ ಕದಿಯುತ್ತಾರೆ ಎಂಬ ಹೆದರಿಕೆ ನಮ್ಮಲ್ಲಿ ಬಹಳ ಜನಕ್ಕಿದೆ. ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ 1978ರ ತೀರ್ಪನ್ನು ತಿಳಿದಿರುವುದು ಒಳ್ಳೆಯದು. ‘ಹಮ್ ಹಿಂದೂಸ್ತಾನಿ’ ನಾಟಕ ಬರೆದ ಆರ್.ಜಿ. ಆನಂದ್, ತಮ್ಮ ನಾಟಕವನ್ನೇ ‘ನ್ಯೂ ಡೆಲ್ಲಿ’ ಸಿನಿಮಾ ಮಾಡಿದ್ದಾರೆ ಎಂದು ದಾವೆ ಹೂಡಿದ್ದರು. ಸೋತರು. ಬರೀ ಎಳೆಗೆ, ವಸ್ತುವಿಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಬರೆದು ಕಟ್ಟಿದ ರೀತಿಗೆ ಮಾತ್ರ ಇದೆ ಎಂದಿತು ಕೋರ್ಟು. ಅಂದರೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಬಾಯಲ್ಲಿ ಹೇಳಿದ ಒನ್‌ಲೈನಿಗೆ ಕಾನೂನಿನ ಕಾವಲು ಇಲ್ಲ. ದೃಶ್ಯ ದೃಶ್ಯವಾಗಿ ಬರೆದ ಸ್ಕ್ರಿಪ್ಟಿಗೆ ಇದೆ.

ಹಾಗಾಗಿ ಕತೆ ಹೇಳುವ ಮುನ್ನ ಬರೆಯಿರಿ, ಕಳಿಸುವ ಮುನ್ನ ನೋಂದಾಯಿಸಿ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಿಗೆ ಸ್ಕ್ರಿಪ್ಟ್ ನೋಂದಣಿ ಸೌಲಭ್ಯ ಕೊಡುತ್ತದೆ. ಆಯ್ಕೆಯಾದ ಬರಹಗಾರರನ್ನು ನಿರ್ಮಾಪಕರ ಎದುರು ಕೂರಿಸುವ ಪಿಚ್ ಫೆಸ್ಟ್ ಕೂಡ ನಡೆಸುತ್ತ ಬಂದಿದೆ. ಪುಣೆಯ ಎಫ್‌ಟಿಐಐನಲ್ಲಿ ಚಿತ್ರಕಥೆ ಬರವಣಿಗೆಗೆಂದೇ ಒಂದು ಕೋರ್ಸ್ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಯಾವುದೇ ಸ್ಪರ್ಧೆಗೆ ಶುಲ್ಕ ಕಟ್ಟುವ ಮುನ್ನ ನಿಯಮಾವಳಿಯಲ್ಲಿ ಎರಡು ಸಾಲು ಹುಡುಕಿ ಓದಿ: ಗೆಲ್ಲದಿದ್ದರೂ ಸ್ಕ್ರಿಪ್ಟಿನ ಹಕ್ಕು ನಿಮ್ಮದೇ ತಾನೇ, ತೀರ್ಪು ಕೊಡುವವರ ಹೆಸರು ಹಾಕಿದ್ದಾರೆಯೇ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಆ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ.