ಮನೆಯಲ್ಲಿ ಗ್ರಾಮಫೋನ್ ತಟ್ಟೆಯ ಗಾನ



ಹೊನ್ನಾಳಿಯಲ್ಲಿಯೋ ನ್ಯಾಮತಿಯಲ್ಲಿಯೋ ಹಿರಿಯರ ಮನೆಯ ಅಟ್ಟದ ಮೇಲೆ ಹಳೆಯ ಗ್ರಾಮಫೋನ್ ತಟ್ಟೆಗಳ ಪೆಟ್ಟಿಗೆಯೊಂದು ನಿಮಗೆ ದೊರೆಯಿತೆಂದು ಇಟ್ಟುಕೊಳ್ಳೋಣ. ಕೂಡಲೇ ಅದನ್ನು ಕೇಳಬೇಕೆಂಬ ಆಸೆ ಹುಟ್ಟುವುದು ಸಹಜವಷ್ಟೆ. ಆದರೆ ಅವಸರ ಸಲ್ಲದು. ತಕ್ಕುದಲ್ಲದ ಮುಳ್ಳಿನಿಂದ ಒಮ್ಮೆ ಸವೆದ ಗೆರೆಯನ್ನು ಮರಳಿ ಕೊಡಬಲ್ಲವರು ಯಾರೂ ಇಲ್ಲ.

ಒಂದು ನಿದರ್ಶನವನ್ನು ಹೇಳುವೆನು. ಗಂಗೂಬಾಯಿ ಹಾನಗಲ್ ಅವರದು ಗಂಭೀರವಾದ, ತಗ್ಗಿದ ಶ್ರುತಿಯ ಕಂಠವೆಂದು ನಾವೆಲ್ಲರೂ ಬಲ್ಲೆವು. ಯೌವನದಲ್ಲಿ ಅವರ ಧ್ವನಿ ತೆಳುವಾಗಿ, ಎತ್ತರವಾಗಿ ಇತ್ತು. ಗಂಟಲಿನ ಚಿಕಿತ್ಸೆಯಾದ ಬಳಿಕ ಅದು ಇಳಿಯಿತು. ಆ ಮೊದಲಿನ ಕಂಠವು ನಮ್ಮವರೆಗೆ ಬಂದಿರುವುದು 1930ರ ದಶಕದ ತಟ್ಟೆಗಳಿಂದ.

ತಟ್ಟೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯವು ಅರಗಿನವು. ಮಗ್ಗುಲಿಗೆ ಮೂರು ನಾಲ್ಕು ನಿಮಿಷದ ಹಾಡು. 1948ರಲ್ಲಿ ಅಮೆರಿಕದಲ್ಲಿ ಹೊರಬಂದ ಎಲ್.ಪಿ. ತಟ್ಟೆಯು ವಿನೈಲಿನದು, ಅದರ ವೇಗ 33⅓ ಸುತ್ತು, ಮಗ್ಗುಲಿಗೆ ಸುಮಾರು 20 ನಿಮಿಷ. ಮೊದಲನೆಯದರ ಗೆರೆ ಅಗಲವಾದುದು, ಎರಡನೆಯದರ ಗೆರೆ ಬಹು ಕಿರಿದು. ಆದಕಾರಣ ಹಳೆಯದಕ್ಕೆ ಅಂಗುಲದ ಸಾವಿರದ ಮೂರು ಪಾಲಿನಷ್ಟು ತ್ರಿಜ್ಯದ ಮೊನೆ ಬೇಕು, ಎಲ್.ಪಿ.ಗೆ ಒಂದು ಪಾಲು ಅಥವಾ ಅದಕ್ಕೂ ಕಡಮೆ. ಕಿರಿಯ ಮೊನೆಯು ಅಗಲ ಗೆರೆಯ ತಳದಲ್ಲಿ ಹೊರಳಾಡಿ ಗರಗರ ಸದ್ದನ್ನು ಹೆಚ್ಚಿಸುವುದು. ಹಳೆಯ ಯಂತ್ರದ ಉಕ್ಕಿನ ಮುಳ್ಳು ವಿನೈಲನ್ನು ಉತ್ತುಬಿಡುವುದು.

ಇನ್ನು ಹಣದ ಮಾತು. ನಮ್ಮ ವೆಚ್ಚದ ಮೊದಲ ಪಾಲು ಮುಳ್ಳಿಗೂ ಅದನ್ನು ಹಿಡಿದ ತೋಳಿಗೂ ಸಲ್ಲಬೇಕು. ಎಲ್.ಪಿ.ಗೆ ಸಾಮಾನ್ಯವಾಗಿ ಎರಡು ಗ್ರಾಮಿನ ಆಸುಪಾಸಿನ ಭಾರ ಸಾಕು. ಭಾರವನ್ನು ತಿದ್ದುವ ಅನುಕೂಲವೇ ಇಲ್ಲದ ಅಗ್ಗದ ಪೆಟ್ಟಿಗೆಯಂತ್ರವನ್ನು ಕೊಳ್ಳದಿರುವುದು ಲೇಸು. ಎರಡನೆಯದು ಫೋನೋ ಎಂಬ ಚಿಕ್ಕ ಪೆಟ್ಟಿಗೆ. ಎಲ್.ಪಿ.ಯಲ್ಲಿ ಮಂದ್ರವನ್ನು ತಗ್ಗಿಸಿ, ತಾರವನ್ನು ಏರಿಸಿ ಕೊರೆದಿರುತ್ತಾರೆ. ಇಲ್ಲವಾದರೆ ಮಂದ್ರದ ಗೆರೆ ತೂಗಾಡಿ ಪಕ್ಕದ ಗೆರೆಗೆ ತಾಗೀತು. ಫೋನೋ ಪೆಟ್ಟಿಗೆಯು ಎರಡನ್ನೂ ಮರಳಿ ಸಮಮಾಡುತ್ತದೆ. ಕೆಲವು ಯಂತ್ರಗಳಲ್ಲಿ ಇದು ಒಳಗೇ ಅಡಕವಾಗಿರುವುದರಿಂದ ಕೊಳ್ಳುವ ಮೊದಲು ವಿಚಾರಿಸಬೇಕು. ಸ್ಪೀಕರುಗಳು ಸಾಧಾರಣವಾದರೂ ಚಿಂತೆಯಿಲ್ಲ. ತಟ್ಟೆ ತಿರುಗುವ ಮೇಜಿನ ಮೇಲೆ ಅವನ್ನು ಇಡಬಾರದು. ಇಟ್ಟರೆ ಅವುಗಳ ಅದುರು ಮುಳ್ಳಿಗೆ ಮುಟ್ಟುವುದು.

ಕೊನೆಯದು ಪಾಲನೆ, ಇದಕ್ಕೆ ಹಣಕ್ಕಿಂತ ಎಚ್ಚರವೇ ಹೆಚ್ಚು ಬೇಕು. ಜಗಳೂರಿನ ಒಣಸೀಮೆಯಲ್ಲಿ ಧೂಳು ಶತ್ರು. ಚನ್ನಗಿರಿಯ ಅಡಕೆ ತೋಟದ ಮನೆಯಲ್ಲಿ ಮಳೆಗಾಲದ ಬೂಷ್ಟು ಶತ್ರು. ಬಟ್ಟಿಯಿಳಿಸಿದ ನೀರಿನಲ್ಲಿ ಮೆತ್ತನೆಯ ಬಟ್ಟೆಯನ್ನು ತೋಯಿಸಿ, ಗೆರೆ ಹೋದ ಕಡೆಗೇ ಒರಸಬೇಕು. ಅರಗಿನ ತಟ್ಟೆಗೆ ಸ್ಪಿರಿಟ್ಟು ಸೋಕಬಾರದು, ಅರಗು ಕರಗುವುದು. ತಟ್ಟೆಗಳನ್ನು ಬಿಸಿಲು ಬೀಳದ ಎಡೆಯಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು.

ಇಷ್ಟನ್ನು ಮಾಡಿದ ಮೇಲೆ, ಮುಳ್ಳನ್ನು ಮೆಲ್ಲನೆ ಇಳಿಸಿ ಕುಳಿತುಕೊಳ್ಳಿರಿ. ಹಿರಿಯರು ಕೇಳಿದ ಹಾಡನ್ನು ನೀವು ಕೇಳುವಿರಿ. ನಿಮ್ಮ ಮಕ್ಕಳ ಪಾಲಿಗೂ ಅದು ಉಳಿದಿರುವುದು.